ಗವಿಯಪ್ಪಿಸು ಎಂಬ ಪದದ ಹುಟ್ಟು

ನನ್ನ ಹೆಸರು ಕೇಳಬೇಡಿ. ಹೇಳಲು ಸಂಕೋಚವೇನಿಲ್ಲ, ಹೇಳೋಣವೆಂದರೆ ಅದು ನನ್ನ ಬಳಿ ಇಲ್ಲ. ಹೋದ ಮಾಘಮಾಸದವರೆಗೂ ಇತ್ತು, ನಾಲ್ಕಕ್ಷರದ ಲಕ್ಷಣವಾದ ಹೆಸರು. ಈಗ ಅದು ಊರಿನವರೆಲ್ಲರ ಬಾಯಲ್ಲಿ ಓಡಾಡುತ್ತಿದೆ, ನನ್ನ ಬಾಯಿಗೆ ಮಾತ್ರ ಬರುವುದಿಲ್ಲ. ಇಲ್ಲಿ ಬರೆಯೋಣವೆಂದರೂ ಕಾಗದದ ಮೇಲೆ ಅಕ್ಷರ ನಿಲ್ಲದು, ಮೂರು ಸಲ ಪ್ರಯತ್ನಿಸಿ ಬಿಟ್ಟೆ. ಹಾಗಂತ ಅಯ್ಯೋ ಪಾಪ ಎನ್ನಬೇಡಿ. ಇದನ್ನು ಹೇಳುವಾಗ ನನಗೆ ಒಳಗಿನಿಂದ ನಗು ಉಕ್ಕುತ್ತದೆ, ಏಕೆಂದು ಕೊನೆಗೆ ನಿಮಗೇ ಗೊತ್ತಾಗುತ್ತದೆ.

ನಮ್ಮೂರಿನಲ್ಲಿ ಯಾರಾದರೂ ದೇವರ ಹೆಸರಿನಲ್ಲಿ ನಾಟಕವಾಡಿ ಸಿಕ್ಕಿಬಿದ್ದರೆ, ಅದೇ ದಿನ ಸೂರ್ಯ ಮುಳುಗುವುದರೊಳಗೆ ಅವರ ಹೆಸರು ಕಳಚಿಕೊಳ್ಳುತ್ತದೆ. ಬಾಗಿಲ ಮೇಲಿನ ಬೋರ್ಡಿನಿಂದ ಹೋಗುತ್ತದೆ, ರೇಷನ್ ಕಾರ್ಡಿನಿಂದ ಹೋಗುತ್ತದೆ, ಮದುವೆಗೆ ಬಂದ ಸ್ಟೀಲ್ ಪಾತ್ರೆಯ ಅಂಚಿನಲ್ಲಿ ಕೊರೆಸಿದ್ದು ಕೂಡ ನುಣ್ಣಗಾಗಿಬಿಡುತ್ತದೆ. ಮರುದಿನದಿಂದ ಆ ಹೆಸರಿಟ್ಟು ಅವರನ್ನು ಕರೆಯಲು ಯಾರ ನಾಲಿಗೆಯೂ ಹೊರಳುವುದಿಲ್ಲ. ಹೆಸರು ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಅವರು ಏನು ಆಟ ಕಟ್ಟಿದ್ದರೋ ಆ ಆಟಕ್ಕೆ ಹೆಸರಾಗಿ ಸಂತೆಯಲ್ಲಿ, ಶಾಲೆಯಲ್ಲಿ, ಕ್ಷೌರದಂಗಡಿಯಲ್ಲಿ ತಿರುಗುತ್ತಿರುತ್ತದೆ.

ಏಕಾದಶಿಯ ಉಪವಾಸವೆಂದು ಜಗಲಿಯ ಮೇಲೆ ನರಳುತ್ತಾ ಕೂತು, ಬಚ್ಚಲಿಗೆ ಹೋಗಿ ಬಾಳೆಹಣ್ಣು ತಿನ್ನುವುದಕ್ಕೆ ನಮ್ಮಲ್ಲಿ ಪರ್ವತಯ್ಯಿಸು ಎನ್ನುತ್ತೇವೆ. ಹರಿದ ಸೀರೆಯನ್ನು ಇಸ್ತ್ರಿ ಮಾಡಿಸಿ ದೇವಿಗೆ ಒಪ್ಪಿಸಿ ಮೈಕಿನಲ್ಲಿ ಹೆಸರು ಕೂಗಿಸಿಕೊಳ್ಳುವುದು ಶಾಕಾಂಬರಿತನ. ಚರ್ಚಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮೊಣಕಾಲೂರಿ, ಪ್ಯಾಂಟಿನೊಳಗೆ ಸ್ಪಂಜು ಕಟ್ಟಿಕೊಂಡಿರುವುದಕ್ಕೆ ಇನಾಸಿಸು ಎಂದು ಹೆಸರು. ಈ ವಿಷಯದಲ್ಲಿ ನಮ್ಮೂರು ಜಾತಿ ಮತ ನೋಡಿದ್ದಿಲ್ಲ. ನನ್ನದು ಸೇರುವ ಮೊದಲು ಇಂಥ ಪದಗಳು ಒಟ್ಟು ಅರವತ್ತೆರಡು ಇದ್ದವು, ಒಂದೊಂದಕ್ಕೂ ಒಂದು ಮನೆ ಇತ್ತು.

ಜನ ಹೇಗೋ ಹೊಂದಿಕೊಂಡಿದ್ದಾರೆ. ನಾಮಕರಣದ ದಿನ ಮಗುವಿನ ಬಲಗಿವಿಯಲ್ಲಿ ಒಂದು ಹೆಸರು ಹೇಳಿದರೆ ಎಡಗಿವಿಯಲ್ಲಿ ಇನ್ನೊಂದು ಹೇಳುತ್ತಾರೆ. ಎರಡನೆಯದು ಉಳಿಕೆ ಹೆಸರು, ಮುಂದೆ ಏನಾದರೂ ಆದರೆ ಇರಲಿ ಎಂದು. ಅಂಗಡಿಯವರು ಬೋರ್ಡಿನಲ್ಲಿ ವ್ಯಾಪಾರದ ಹೆಸರನ್ನು ಎನಾಮೆಲ್ ಪೇಂಟಿನಲ್ಲೂ ಮಾಲೀಕರ ಹೆಸರನ್ನು ಸೀಮೆಸುಣ್ಣದಲ್ಲೂ ಬರೆಸುತ್ತಾರೆ. ಇದೆಲ್ಲ ನನಗೆ ಗೊತ್ತಿರುವುದು ಏಕೆಂದರೆ ಊರಿನ ಬೋರ್ಡುಗಳನ್ನೆಲ್ಲ ಬರೆಯುವವಳು ನಾನೇ. ಸುಣ್ಣದ ದಾರ ಹೊಡೆದು ಗೆರೆ ಎಳೆದು, ಏಣಿ ಹತ್ತಿ ಬರೆದು, ಬಲಗಡೆ ಮೂಲೆಯಲ್ಲಿ ಸಣ್ಣಗೆ ನನ್ನ ಹೆಸರು ಹಾಕಿ ಪಕ್ಕದಲ್ಲಿ ‘ಆರ್ಟ್ಸ್’ ಎಂದು ಸೇರಿಸುತ್ತಿದ್ದೆ. ಆ ಮೂಲೆ ನನ್ನ ಹೆಮ್ಮೆಯಾಗಿತ್ತು.

ಅರವತ್ತೆರಡರಲ್ಲಿ ಒಂದು ಪದ ನನ್ನ ಅಪ್ಪನದು. ಗವಿಯಪ್ಪಿಸು.

ನಮ್ಮೂರ ಬೆಟ್ಟಕ್ಕೆ ಮುನ್ನೂರಹತ್ತು ಮೆಟ್ಟಿಲು. ಹರಕೆ ಹೊತ್ತವರು ಕೆಳಗಿನ ಕಲ್ಯಾಣಿಯಿಂದ ಒಂದು ಕೊಡ ನೀರು ತಲೆಯ ಮೇಲಿಟ್ಟುಕೊಂಡು ಹತ್ತಿ, ಗುಡಿಯ ಹಿಂದಿನ ಕಲ್ಲುಬಾನಿಗೆ ಸುರಿಯಬೇಕು. ಕೈಲಾಗದವರ ಪರವಾಗಿ ಅಪ್ಪ ಹೊರುತ್ತಿದ್ದ. ಮಾವಿನೆಲೆ ಮುಚ್ಚಿದ ಕೊಡ ಹೊತ್ತು ಅವನು ಬರುತ್ತಿದ್ದರೆ ಜನ ಎರಡೂ ಕಡೆ ಸರಿದು ಕಾಲಿಗೆ ಬೀಳುತ್ತಿದ್ದರು. ನನಗಾಗ ಹನ್ನೊಂದು ವರ್ಷ. ಒಂದು ಸೋಮವಾರ ನೂರನಲವತ್ತನೆಯ ಮೆಟ್ಟಿಲಿನ ಬಳಿ ಅಪ್ಪ ಎಡವಿದ. ಕೊಡ ಟಣಟಣ ಎನ್ನುತ್ತಾ ಕೆಳಗಿನ ಮೆಟ್ಟಿಲವರೆಗೂ ಉರುಳಿತು, ಒಂದು ಮೆಟ್ಟಿಲೂ ಒದ್ದೆಯಾಗಲಿಲ್ಲ. ಸಾಯಂಕಾಲ ಅವ್ವ ಕಾಫಿ ಲೋಟ ತೊಳೆಯುತ್ತಾ ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದಳು, ಅಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಅಪ್ಪ ತನ್ನ ಉಳಿಕೆ ಹೆಸರಿನಲ್ಲಿ ಬದುಕಿದ, ತಮ್ಮಣ್ಣ ಎಂದು. ಆ ಹೆಸರು ಅವನಿಗೆ ಒಗ್ಗಲೇ ಇಲ್ಲ. ತಮ್ಮಣ್ಣ ಎಂದು ಒಂದು ಸಲ ಕರೆದರೆ ಬೇರೆ ಯಾರನ್ನೋ ಕರೆದರೆಂದು ಸುಮ್ಮನಿರುತ್ತಿದ್ದ, ಎರಡನೆಯ ಸಲಕ್ಕೆ ತಿರುಗುತ್ತಿದ್ದ. ಮೂವತ್ತು ವರ್ಷವೂ ಹೀಗೇ ಆಯಿತು. ಆ ಕೊಡದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ, ಅವ್ವನೂ ತಾನು ಸಾಯುವ ತನಕ ಕೇಳಲಿಲ್ಲ.

ನನ್ನ ಕಷ್ಟ ಬೇರೆ. ಪುಸ್ತಕವಿಲ್ಲದ ಚೀಲ ಹೊತ್ತು ಬಂದ ಹುಡುಗಿಗೆ ನಮ್ಮ ಟೀಚರು, ಗವಿಯಪ್ಪಿಸಬೇಡ್ವೇ, ಎಂದು ಇಡೀ ತರಗತಿಯ ಎದುರು ಗದರಿದ್ದರು. ಪಾಪ, ಅವರಿಗೆ ಅದೊಂದು ಪದ ಅಷ್ಟೆ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ನಲ್ಲಿಯ ಕೆಳಗೆ ತಲೆಯಿಟ್ಟು ನಿಂತಿದ್ದೆ. ಯಾರ ಮಗಳು ನೀನು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಬರುವಂತಿರಲಿಲ್ಲ. ತಮ್ಮಣ್ಣನ ಮಗಳು ಎಂದರೆ ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ಸುಳ್ಳು ಹೇಳಿದಂತೆ ಅನಿಸುತ್ತಿತ್ತು.

ಹೋದ ವರ್ಷ ಡಾಕ್ಟರು ಅಪ್ಪನ ಎದೆಗೆ ಕೊಳವೆಯಿಟ್ಟು ಕೇಳಿ, ಇನ್ನು ಮೇಲೆ ಮೆಟ್ಟಿಲು ಹತ್ತಿಸಬೇಡಿ ಎಂದರು. ಎಂಬತ್ತೊಂದು ವರ್ಷದ ಜೀವ. ನಮ್ಮಲ್ಲಿ ಸತ್ತವರನ್ನು ಹೊಸಲು ದಾಟಿಸುವಾಗ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಅಪ್ಪನನ್ನು ತಮ್ಮಣ್ಣ ಎಂದು ಕರೆದರೆ ಮೊದಲ ಕರೆಗೆ ಖಂಡಿತ ತಿರುಗುವುದಿಲ್ಲ. ಅಂಥ ಯೋಚನೆ ಬಂದ ಮೇಲೆ ನನಗೆ ಊಟ ಸೇರದಾಯಿತು. ಅವನ ಹೆಸರನ್ನು ವಾಪಸ್ ತರಲೇಬೇಕು, ಅವನು ಬದುಕಿರುವಾಗಲೇ ತರಬೇಕು ಎಂದು ಹಟ ಹಿಡಿಯಿತು.

ದಾರಿ ತೋರಿಸಿದವರು ಜಯತೀರ್ಥ ಮೇಷ್ಟ್ರು. ನಿವೃತ್ತರಾದ ಮೇಲೆ ಊರಿನ ಅರವತ್ತೆರಡು ಪದಗಳ ಹುಟ್ಟನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದವರು ಅವರು. ಅವರ ಮನೆಯ ಬೋರ್ಡು ತಿದ್ದಲು ಹೋದಾಗ ಏಣಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಹೊರಗಿನ ಊರುಗಳ ಮಾತು ತೆಗೆದರು. ಅಲ್ಲಿಯವರು ಇಂಥವರನ್ನು ಸೋಗಲಾಡಿ ಎನ್ನುತ್ತಾರಂತೆ, ಸೋಗು ಎಂದರೆ ವೇಷ, ಅದೇನೋ ಸರಿ ಎಂದರು. ಆದರೆ ಬಕಧ್ಯಾನ ಎನ್ನುತ್ತಾರಲ್ಲ, ಆ ಕೊಕ್ಕರೆ ಏನು ತಪ್ಪು ಮಾಡಿತ್ತು ಎಂದು ಅವರಿಗೆ ಸಿಟ್ಟು. ಅದು ಒಂಟಿಕಾಲಿನಲ್ಲಿ ನಿಂತಿದ್ದು ತನ್ನ ಹೊಟ್ಟೆಪಾಡಿಗೆ, ಧ್ಯಾನ ಎಂದು ಅದೇನೂ ಹೇಳಿಕೊಂಡಿರಲಿಲ್ಲ, ನೋಡಿದವರು ತಾವೇ ಅಂದುಕೊಂಡು ತಾವೇ ಬೈದರು. ಆಮೇಲೆ ಪಾಷಂಡಿಯ ಕಥೆ ಹೇಳಿದರು. ಬಹಳ ಹಳೆಯ ಶಾಸನಗಳಲ್ಲಿ ಪಾಷಂಡ ಎಂದರೆ ಒಂದು ಪಂಥ, ಅಷ್ಟೇ. ನಿನ್ನದೊಂದು ಪಂಥ, ನನ್ನದೊಂದು ಪಂಥ. ಬರಬರುತ್ತಾ ನನ್ನದಲ್ಲದ್ದೆಲ್ಲ ಸುಳ್ಳು ಎಂದಾಗಿ, ಅದೇ ಪದ ಬೈಗುಳವಾಯಿತು.

ನಾನು ಏಣಿಯ ಮೇಲೆ ಬ್ರಷ್ ಹಿಡಿದುಕೊಂಡೇ ನಿಂತುಬಿಟ್ಟೆ. ಎನಾಮೆಲ್ ತೊಟ್ಟಿಕ್ಕಿ ಮೇಷ್ಟ್ರ ಪಂಚೆಯ ಮೇಲೆ ಬಿತ್ತು.

“ಹಂಗಾದ್ರೆ ಪದದ ಅರ್ಥ ಕೆಳಕ್ಕೆ ಜಾರುತ್ತೆ ಅಂತಾಯ್ತು. ಮೇಲಕ್ಕೂ ಹತ್ತುತ್ತಾ ಮೇಷ್ಟ್ರೇ?”

“ಜನ ಹತ್ತಿಸಿದ್ರೆ ಯಾಕೆ ಹತ್ತಲ್ಲಮ್ಮ? ಪದಕ್ಕೇನು ಕಾಲಿದೆಯಾ, ನಾವು ಹೊತ್ತುಕೊಂಡು ಹೋದ ಕಡೆ ಹೋಗುತ್ತೆ” ಎಂದರು ಅವರು, ಪಂಚೆಯನ್ನು ಇನ್ನೂ ನೋಡಿಕೊಳ್ಳದೆ.

ಆ ದಿನ ನಾನು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ತಿಳಿಯಲಿಲ್ಲ. ವಾರ ಕಳೆಯುವುದರೊಳಗೆ ಬೆಟ್ಟದ ಸಮಿತಿಯವರು ಮೆಟ್ಟಿಲುಗಳಿಗೆ ನಂಬರು ಬರೆಯಲು ನನ್ನನ್ನೇ ಕರೆದರು. ಒಂದರಿಂದ ಬರೆಯುತ್ತಾ ಬರೆಯುತ್ತಾ ನೂರನಲವತ್ತಕ್ಕೆ ಬಂದೆ. ಅಪ್ಪನ ಕೊಡ ಬಿದ್ದ ಜಾಗ. ಅಲ್ಲಿ ಕಲ್ಲುಸಂದಿಯಿಂದ ಎದ್ದ ಒಂದು ಹೊಂಗೆಮರ, ಮೂವತ್ತು ವರ್ಷದ್ದು ಎಂದರೆ ಯಾರೂ ಇಲ್ಲವೆನ್ನುವಂತಿಲ್ಲ. ನಾನು ಅದರ ನೆರಳಿನಲ್ಲಿ ಕೂತೆ. ನೋಡುತ್ತಾ ನೋಡುತ್ತಾ ಕಥೆ ತಾನಾಗಿಯೇ ಬಾಯಿಗೆ ಬಂದು ಕೂತಿತು.

ಅದನ್ನು ಮೊದಲು ಹೇಳಿದ್ದು ಸಂಪಂಗಪ್ಪನಿಗೆ. ಮೆಟ್ಟಿಲ ಬುಡದಲ್ಲಿ ಟೀ ಅಂಗಡಿ ಇಟ್ಟಿರುವ ಸಂಪಂಗಪ್ಪ ಅಪ್ಪನ ಬಾಲ್ಯದ ಗೆಳೆಯ. ಹೆಸರು ಹೋದ ಮೇಲೂ ದಿನಾ ಸಂಜೆ ಅಪ್ಪನ ಪಕ್ಕ ಕೂತು ಸುಮ್ಮನೆ ಬೀಡಿ ಸೇದಿ ಹೋಗುತ್ತಿದ್ದವನು. ಅವನಿಗೆ ಹೇಳಿದೆ: ಅಪ್ಪನ ಕೊಡದಲ್ಲಿ ನೀರಿತ್ತು. ನೂರನಲವತ್ತನೆಯ ಮೆಟ್ಟಿಲಿನಲ್ಲಿ ಒಂದು ಹೊಂಗೆಸಸಿ ಬಿಸಿಲಿಗೆ ಬಾಡಿ ಬಿದ್ದಿತ್ತು. ಅಪ್ಪ ಕೊಡವನ್ನೆಲ್ಲ ಅದಕ್ಕೆ ಸುರಿದು, ಮತ್ತೆ ತುಂಬಿಸಿಕೊಂಡು ಬರಲು ಇಳಿಯುವಾಗ ಎಡವಿದ. ಕೈಯಾರೆ ಮಾಡಿದ್ದನ್ನು ಬಾಯಾರೆ ಹೇಳಿಕೊಳ್ಳಬಾರದೆಂದು ಇಷ್ಟು ವರ್ಷ ಸುಮ್ಮನಿದ್ದ. ಮೊನ್ನೆ ನನ್ನೊಬ್ಬಳಿಗೆ ಹೇಳಿದ.

ಸುಳ್ಳೆಂದು ನನಗೆ ಗೊತ್ತಿತ್ತೇ? ಅಪ್ಪ ನನಗೆ ಹೇಳಿದ ಎಂದದ್ದು ಅಪ್ಪಟ ಸುಳ್ಳು, ಅದು ಗೊತ್ತಿತ್ತು. ಉಳಿದದ್ದು ನಿಜವಿದ್ದರೂ ಇರಬಹುದು ಎಂದು ನನ್ನನ್ನೇ ನಂಬಿಸಿಕೊಂಡಿದ್ದೆ. ಸಂಪಂಗಪ್ಪನ ಕಣ್ಣು ತುಂಬಿತು. ಟೀ ಅಂಗಡಿಯವನ ಕಣ್ಣು ತುಂಬಿದರೆ ಆಯಿತಲ್ಲ, ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು.

ನಾನೂ ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಕೊಡ ಹೊತ್ತು ನೂರನಲವತ್ತು ಮೆಟ್ಟಿಲು ಹತ್ತಿ ಹೊಂಗೆಗೆ ನೀರೆರೆದೆ. ಅರಿಸಿನ ಕುಂಕುಮ ಹಚ್ಚಿದೆ. ಯಾರಾದರೂ ನೋಡುತ್ತಿದ್ದರೆ ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಹೊತ್ತು ನಿಂತೆ. ಮರದ ಪಕ್ಕ ತಗಡಿನ ಬೋರ್ಡು ನೆಟ್ಟು, ನೀಲಿ ಬಣ್ಣದಲ್ಲಿ ‘ಇಲ್ಲಿ ಗವಿಯಪ್ಪಿಸಿ ಮುಂದೆ ಹೋಗಿ’ ಎಂದು ಬರೆದೆ. ಮೂಲೆಯಲ್ಲಿ ನನ್ನ ಹೆಸರು, ಆರ್ಟ್ಸ್.

ಮೊದಲು ಜನ ಬೋರ್ಡು ಓದಿ ನಕ್ಕರು. ಆಮೇಲೆ ಒಬ್ಬೊಬ್ಬರೇ ಅರ್ಧ ಕೊಡ ಮರಕ್ಕೆ ಸುರಿದು ಮುಂದೆ ಹೋಗತೊಡಗಿದರು. ಇನಾಸಿಸು ಪದದ ಮನೆಯ ಮೊಮ್ಮಗ ಹೋಗುತ್ತಾ ಬರುತ್ತಾ ಬಾಟಲಿಯಿಂದ ನೀರು ಹಾಕಿದ. ಯುಗಾದಿ ಕಳೆದು ಗೌರಿ ಹಬ್ಬ ಬರುವಷ್ಟರಲ್ಲಿ ಪದ ನಿಜವಾಗಿಯೂ ಹತ್ತತೊಡಗಿತ್ತು. ಶಾಲೆಯ ಗೇಟಿನಲ್ಲಿ ಒಬ್ಬ ತಾಯಿ ಮಗನಿಗೆ ಡಬ್ಬಿ ಕೊಡುತ್ತಾ, ಪಕ್ಕದೋನಿಗೂ ಒಂಚೂರು ಗವಿಯಪ್ಪಿಸು ಮಗ, ಎಂದಳು. ಅದನ್ನು ಕೇಳಿ ನಾನು ಏಣಿಯ ಮೇಲೆ ಕುಣಿಯುವುದೊಂದು ಬಾಕಿ. ಮೂವತ್ತು ವರ್ಷ ಖಾಲಿ ಕೊಡ ಹೊರುವುದಕ್ಕಿದ್ದ ಪದ, ಸದ್ದಿಲ್ಲದೆ ಇನ್ನೊಬ್ಬರಿಗೆ ಕೊಡುವುದಕ್ಕೆ ಬಳಕೆಯಾಗುತ್ತಿತ್ತು. ಜಯತೀರ್ಥ ಮೇಷ್ಟ್ರು ನೋಟುಪುಸ್ತಕದ ಹಳೆಯ ಪುಟ ಹರಿದು ಹೊಸದಾಗಿ ಬರೆಯುತ್ತಾ ಕೂತಿದ್ದರು.

ದೀಪಾವಳಿಗೆ ನಮ್ಮ ಮನೆಯ ಬಾಗಿಲ ಮೇಲಿನ ಖಾಲಿ ಹಲಗೆಯಲ್ಲಿ ‘ಗ’ ಮೂಡಿತು. ಹದಿನೈದು ದಿನಕ್ಕೆ ‘ವಿ’ ಬಂತು, ಆಮೇಲೆ ‘ಯ’. ಓಣಿಯ ಜನ ದಿನಾ ಬಂದು ನೋಡಿ ಹೋಗುತ್ತಿದ್ದರು, ಉಳಿದ ಅರವತ್ತೊಂದು ಮನೆಗಳವರಂತೂ ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಹೋದ ಹೆಸರು ತಿರುಗಿ ಬಂದದ್ದನ್ನು ನಮ್ಮೂರಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಕೊನೆಯ ‘ಪ್ಪ’ ಮಾತ್ರ ಬರಲಿಲ್ಲ. ಒಂದು ತಿಂಗಳು ಕಾದರೂ ಬರಲಿಲ್ಲ. ಸಮಿತಿಯವರು ಸೇರಿ, ತಮ್ಮಣ್ಣ ತನ್ನ ಬಾಯಿಂದ ನಡೆದದ್ದನ್ನು ಹೇಳಿಬಿಡಲಿ, ಅಷ್ಟಾದರೆ ಅಕ್ಷರ ಪೂರ್ತಿಯಾಗುತ್ತದೆ ಎಂದು ತೀರ್ಮಾನಿಸಿದರು. ಮಾಘಮಾಸದ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೆಟ್ಟಿಲ ಬುಡದಲ್ಲಿ ಶಾಮಿಯಾನ ಹಾಕಿದರು. ಬ್ಯಾನರು ಬರೆದದ್ದೂ ನಾನೇ.

ಅಪ್ಪನಿಗೆ ನಾನು ಹಿಂದಿನ ದಿನ ಹೇಳಿದೆ. ಏನೂ ಹೆಚ್ಚು ಹೇಳಬೇಡ, ಹೌದು ಎಂದುಬಿಡು, ಸಾಕು ಎಂದೆ. ಅಪ್ಪ ಅಡಿಕೆ ಕತ್ತರಿಸುತ್ತಿದ್ದವನು ನನ್ನ ಮುಖ ನೋಡಿ, ಮರಕ್ಕೆ ನೀರು ಹಾಕಿ ಹಾಕಿ ಸೊರಗಿದೀಯ, ಎಂದ. ಮತ್ತೆ ಅಡಿಕೆಗೆ ಕೈ ಹಾಕಿದ.

ಶಾಮಿಯಾನದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಒಗೆದ ಪಂಚೆ ಉಟ್ಟು, ನನ್ನ ಭುಜ ಹಿಡಿದು ಅಪ್ಪ ಮೈಕಿನ ಎದುರು ನಿಂತ. ಸಮಿತಿಯ ಅಧ್ಯಕ್ಷರು ಎರಡು ಸಲ ತಮ್ಮಣ್ಣನವರೇ ಎಂದ ಮೇಲೆ ತಲೆಯೆತ್ತಿದ. ಹೌದು ಎನ್ನು, ಹೌದು ಎನ್ನು ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದೆ.

“ಆ ಹೊಂಗೆಗೆ ನಾನು ನೀರು ಹಾಕಿಲ್ಲ” ಎಂದ ಅಪ್ಪ. “ಕೊಡದಾಗೆ ಹನಿ ನೀರೂ ಇರಲಿಲ್ಲ. ಮೊದ್ಲು ಮೂರು ವರ್ಷ ತುಂಬಿದ ಕೊಡಾನೇ ಹೊತ್ತೆ. ಆಮೇಲೆ ಕತ್ತು ಹಿಡ್ಕೊಳ್ತು. ಬಿಟ್ಟುಬಿಡಬೌದಿತ್ತು. ನೀವೆಲ್ಲ ಕಾಲಿಗೆ ಬೀಳ್ತಿದ್ರಲ್ಲ, ಅದನ್ನ ಬಿಡಕ್ಕಾಗ್ಲಿಲ್ಲ. ಆರು ವರ್ಷ ಖಾಲಿ ಕೊಡ ಹೊತ್ತಿದೀನಿ. ನೀವು ಕಂಡಿದ್ದು ಒಂದೇ ದಿನ.”

ಅಪ್ಪ ಜನರ ನಡುವೆ ಯಾರನ್ನೋ ಹುಡುಕಿದ.

“ಸಂಪಂಗಿ, ನಿನ್ನ ಮಗಳ ಜ್ವರಕ್ಕೆ ಅಂತ ಕೊಟ್ಟಿದ್ಯಲ್ಲ ಹರಕೆ, ಆ ಕೊಡಾನೂ ಖಾಲೀನೇ. ಅದನ್ನ ನಿಂಗೆ ಹೇಳ್ಬೇಕು ಅಂತ ದಿನಾ ಸಂಜೆ ಅಂದ್ಕೊಳ್ಳೋನು.”

ಅಷ್ಟು ಹೇಳಿ ಅಪ್ಪ ಮೈಕಿನ ಕಂಬ ಹಿಡಿದುಕೊಂಡ. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಎಲ್ಲರೂ ಅಪ್ಪನನ್ನೇ ನೋಡುತ್ತಿರಲಿಲ್ಲ, ಅರ್ಧ ಜನ ನನ್ನನ್ನು ನೋಡುತ್ತಿದ್ದರು. ಸಂಪಂಗಪ್ಪ ಹಿಂದಿನ ಸಾಲಿನಿಂದ ಎದ್ದ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ, ಮತ್ತೆ ಹೆಗಲಿಗೆ ಹಾಕಿಕೊಂಡ. ಅಪ್ಪನಿಗೆ ಹೊಡೆಯುತ್ತಾನೆ ಎಂದೇ ನಾನು ಅಂದುಕೊಂಡೆ.

“ಜ್ವರ ಬಿಡ್ತಲ್ಲ ಕಣೋ” ಎಂದ. ಆಮೇಲೆ ತನ್ನ ಕುರ್ಚಿ ಎತ್ತಿಕೊಂಡು ಮುಂದೆ ಬಂದ. “ಗವಿಯಪ್ಪ, ಕೂತ್ಕೊ. ಕಾಲು ನಡುಗ್ತಾ ಅದೆ.”

ಆ ಹೆಸರು ಅವನ ಬಾಯಿಂದ ಬಂತು. ಮೂವತ್ತು ವರ್ಷದ ಮೇಲೆ ಒಬ್ಬ ಮನುಷ್ಯನ ಹೆಸರಾಗಿ ಬಂತು. ಅಪ್ಪ ಮೊದಲ ಕರೆಗೇ ತಿರುಗಿದ. ಆಮೇಲೆ ಶಾಮಿಯಾನದಲ್ಲಿ ಎದ್ದ ಗಲಾಟೆಯನ್ನು ನಾನು ಹೇಗೆ ಹೇಳಲಿ, ಗವಿಯಪ್ಪ ಗವಿಯಪ್ಪ ಎಂದು ಜನ ತಮ್ಮ ನಾಲಿಗೆಯನ್ನೇ ಪರೀಕ್ಷಿಸಿ ನೋಡುವವರಂತೆ ಕರೆದರು, ಅಪ್ಪ ಪ್ರತಿ ಕರೆಗೂ ಅತ್ತ ಇತ್ತ ತಿರುಗಿ ತಿರುಗಿ ಸುಸ್ತಾದ. ಓಣಿಯ ಮಕ್ಕಳು ಓಡಿ ಹೋಗಿ ನೋಡಿಕೊಂಡು ಬಂದು, ‘ಪ್ಪ’ ಬಂದಿದೆ ಎಂದು ಕೂಗಿದರು.

ನನ್ನ ಕಡೆ ಯಾರೂ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ದೇವರ ಮೆಟ್ಟಿಲಿನ ಮೇಲೆ ಒದ್ದೆ ಸೀರೆಯಲ್ಲಿ ಕಣ್ಣು ಮುಚ್ಚಿ ನಿಂತು ಒಂದು ವರ್ಷ ನಾಟಕವಾಡಿದವಳು ನಾನು, ಹಾಡುಹಗಲು ಸಿಕ್ಕಿಬಿದ್ದಿದ್ದೆ. ಬ್ರಷ್ ಡಬ್ಬಿ ತೆಗೆದುಕೊಂಡು ನೂರನಲವತ್ತು ಮೆಟ್ಟಿಲು ಹತ್ತಿ ಹೊಂಗೆಯ ಕೆಳಗೆ ಕೂತೆ. ನೀಲಿ ಬೋರ್ಡಿನ ಮೂಲೆಯನ್ನೇ ನೋಡುತ್ತಿದ್ದೆ. ಬಿಸಿಲು ಇಳಿಯುತ್ತಾ ಬಂದ ಹಾಗೆ ನನ್ನ ಹೆಸರಿನ ಒಂದೊಂದೇ ಅಕ್ಷರ ತೆಳುವಾಗಿ, ಕೊನೆಗೆ ‘ಆರ್ಟ್ಸ್’ ಒಂದೇ ಉಳಿಯಿತು. ನಾಚಿಕೆಯಾಗಿ ಅತ್ತುಬಿಟ್ಟೆ. ಆಮೇಲೆ ಅಳು ನಿಂತಾಗ ಮರದ ಬುಡಕ್ಕೆ ಒಂದು ಬೊಗಸೆ ನೀರು ಹಾಕಿದೆ, ಆ ದಿನ ನೋಡುವವರು ಯಾರೂ ಇರಲಿಲ್ಲ.

ನನ್ನ ಪದಕ್ಕೆ ಜಯತೀರ್ಥ ಮೇಷ್ಟ್ರು ಬರೆದುಕೊಂಡ ಅರ್ಥ ಹೀಗಿದೆ: ಮಾಡದ ಪುಣ್ಯವನ್ನು ಪ್ರೀತಿಯಿಂದ ಇನ್ನೊಬ್ಬರ ತಲೆಗೆ ಕಟ್ಟುವುದು. ಪ್ರೀತಿಯಿಂದ ಎಂಬುದನ್ನು ಸೇರಿಸಿದ್ದು ಅವರ ದೊಡ್ಡತನ. ಪದ ಚೆನ್ನಾಗಿ ಓಡುತ್ತಿದೆ. ತೀರಿಹೋದ ಜಿಪುಣನ ಫೋಟೋದ ಕೆಳಗೆ ‘ಧರ್ಮಾತ್ಮ’ ಎಂದು ಬರೆಸಲು ಬಂದವರಿಗೆ ನನ್ನೆದುರೇ ಯಾರೋ ಅದನ್ನು ಪ್ರಯೋಗಿಸಿ, ಆಮೇಲೆ ನಾಲಿಗೆ ಕಚ್ಚಿಕೊಂಡರು.

ಆ ಸಂಜೆಯ ಒಂದು ಮಾತು ಉಳಿದಿದೆ. ನಾನು ಮನೆಗೆ ಬಂದು, ಒಳಗೆ ಹೋಗಲು ಮುಖವಿಲ್ಲದೆ ಜಗಲಿಯ ತುದಿಯಲ್ಲಿ ಕೂತಿದ್ದೆ. ನನ್ನ ಉಳಿಕೆ ಹೆಸರೇನೆಂದು ಅವ್ವನೊಬ್ಬಳಿಗೆ ಗೊತ್ತಿತ್ತು, ಅವಳು ಇರಲಿಲ್ಲ. ಒಳಗೆ ಲೋಟದ ಸದ್ದಾಯಿತು. ಅಪ್ಪ ಎರಡು ಲೋಟ ಹಿಡಿದುಕೊಂಡು ಬಾಗಿಲಿಗೆ ಬಂದ, ಅವುಗಳ ಅಂಚಿನಲ್ಲಿ ಅವನ ಹೆಸರು ಮತ್ತೆ ಮೂಡಿತ್ತು. ನನ್ನನ್ನು ಕರೆಯಲು ಬಾಯಿ ತೆರೆದ, ಹೆಸರು ಬರಲಿಲ್ಲ. ಇನ್ನೊಮ್ಮೆ ತೆರೆದ, ಬರಲಿಲ್ಲ. ನಾನು ತಲೆ ತಗ್ಗಿಸಿಕೊಂಡೆ. ಅಪ್ಪ ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷದಿಂದ ತನ್ನ ಬಾಯಿಗೇ ಬಾರದ ಹೆಸರನ್ನು ಇಡೀ ಓಣಿಗೆ ಕೇಳುವ ಹಾಗೆ ಹೇಳಿದ.

“ಗವಿಯಪ್ಪನ ಮಗಳೇ, ಕಾಫಿ ಆರ್ತದೆ, ಬಾ.”

ನಾನು ಮೊದಲ ಕರೆಗೇ ಎದ್ದೆ.